ಹಿಮ್ಮಡಿಗೆ ತಿಳಿಯುವ ಗೂಡು

ಈ ಸಲದ ಚಳಿಗಾಲದಲ್ಲಿ ನಮ್ಮ ಕೇರಿಯ ಹಿಂದೆ, ಗಾಳಿಮರಗಳ ಆಚೆ, ಕಡಲಾಮೆಯೊಂದು ಹೊಯ್ಗೆಯಲ್ಲಿ ಮೊಟ್ಟೆಯಿಟ್ಟು ಹೋಯಿತು. ಬೆಳಗಿನ ಜಾವ ಬಲೆ ನೋಡಲು ಹೋದ ಹುಡುಗರು ಅದರ ಜಾಡು ಕಂಡು ಫೋನು ಮಾಡಿದರು. ಅರಣ್ಯ ಇಲಾಖೆಯವರು ಬಂದು ಗೂಡಿನ ಸುತ್ತ ಬಲೆಯ ಬೇಲಿ ಕಟ್ಟಿದರು, ಫಲಕ ನೆಟ್ಟರು. ಫಲಕದಲ್ಲಿ ತಾರೀಖು, ಮೊಟ್ಟೆಗಳ ಸಂಖ್ಯೆ, ಅದರ ಕೆಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎಚ್ಚರಿಕೆ. ನಾನು ನಿಂತು ಓದುತ್ತಿದ್ದಾಗ ಕೇರಿಯ ಹುಡುಗನೊಬ್ಬ ಬಂದು ಪಕ್ಕದಲ್ಲಿ ನಿಂತ.

‘ಸಿಸ್ಟರಮ್ಮ, ಮೊದಲೆಲ್ಲ ನಮ್ಮ ಕೇರಿಯವರು ಇದರ ಮೊಟ್ಟೆ ತಿಂತಿದ್ರಂತೆ. ಹೌದಾ?’

‘ಹೌದು. ನಾನೂ ತಿಂದಿದ್ದೇನೆ’ ಎಂದೆ. ಅವನು ಬೇಲಿಯನ್ನೂ ನನ್ನನ್ನೂ ಒಮ್ಮೆ ನೋಡಿದ. ಮುಂದೇನು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ.

ಇದೇ ಪ್ರಶ್ನೆಯನ್ನು ನನ್ನ ಬದುಕಿನಲ್ಲಿ ಇನ್ನೊಬ್ಬರೂ ಕೇಳಿದ್ದರು. ಅವರು ಕೇಳಿದ್ದು ಸ್ಪ್ಯಾನಿಷ್‌ನಲ್ಲಿ, ಮಧ್ಯ ಅಮೆರಿಕದ ಕೋಸ್ಟಾರಿಕಾ ಎಂಬ ಪುಟ್ಟ ದೇಶದ ಕಡಲ ದಂಡೆಯ ತರಗತಿಯೊಂದರಲ್ಲಿ, 2002ರ ಮಳೆಗಾಲದಲ್ಲಿ.

ಆಗ ನಾನು ಟೆಕ್ಸಾಸ್‌ನ ಒಂದು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ನರ್ಸ್ ಆಗಿದ್ದೆ. ಅಲ್ಲಿಗೆ ಬರುತ್ತಿದ್ದ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಮೆಕ್ಸಿಕೊ, ಹೊಂಡುರಾಸ್, ಎಲ್ ಸಾಲ್ವಡಾರ್ ಕಡೆಯವರು. ಇಂಗ್ಲಿಷ್ ಬಾರದವರಿಗಾಗಿ ಫೋನಿನಲ್ಲಿ ದುಭಾಷಿಗಳು ಸಿಗುತ್ತಿದ್ದರು. ನಾವು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಬೇಕು, ತಿರುಗಿಸಿ ಹೇಳಬೇಕು, ಅವಳ ಉತ್ತರ ಮತ್ತೆ ಅದೇ ದಾರಿಯಲ್ಲಿ ನಮಗೆ ತಲುಪಬೇಕು. ನೋವು ತಿನ್ನುತ್ತಿರುವವಳ ಕಿವಿಗೆ ರಿಸೀವರ್ ಹಿಡಿದು ನಿಂತಾಗ ನನ್ನ ಕೈಯೇ ನನಗೆ ಕಲ್ಲಾಗುತ್ತಿತ್ತು. ಹೆರಿಗೆಯ ಹೊತ್ತಿನಲ್ಲಿ ಹೆಂಗಸು ಮಾತನಾಡುವುದು ಯಾರೋ ದೂರದಲ್ಲಿ ಕೂತವರೊಡನೆ ಅಲ್ಲ, ತನ್ನ ಬೆನ್ನು ನೀವುತ್ತಿರುವವಳೊಡನೆ. ನನ್ನ ತಮ್ಮ ತಂಗಿಯರು ಹುಟ್ಟಿದ್ದು ಮನೆಯಲ್ಲೇ. ಸೂಲಗಿತ್ತಿ ಒಂದು ಕ್ಷಣವೂ ಬಿಡದೆ ಅಮ್ಮನೊಡನೆ ಮಾತನಾಡುತ್ತಿದ್ದುದನ್ನು ಬಾಗಿಲಾಚೆ ಕೂತು ಕೇಳಿದವಳು ನಾನು. ಆದ್ದರಿಂದ ಕೂಡಿಟ್ಟಿದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಸ್ಪ್ಯಾನಿಷ್ ಕಲಿಯಲು ಹೊರಟೆ. ಕೋಸ್ಟಾರಿಕಾವನ್ನು ಸೂಚಿಸಿದ್ದು ವಾರ್ಡಿನ ಸಹೋದ್ಯೋಗಿ. ಅಲ್ಲಿ ದಂಡೆಯ ಊರುಗಳಲ್ಲಿ ಬೆಳಿಗ್ಗೆ ಪಾಠ, ಉಳಿದ ಹೊತ್ತು ಊರವರ ಮನೆಯಲ್ಲೇ ಊಟ, ವಾಸ, ಮಾತು. ಅದು ನನಗೆ ಒಪ್ಪಿಗೆಯಾಯಿತು. ಕಡಲಿಲ್ಲದ ಊರಿನಲ್ಲಿ ವರ್ಷಗಟ್ಟಲೆ ಕಳೆದವಳಿಗೆ ದಂಡೆ ಎಂಬ ಮಾತೇ ಸಾಕಾಗಿತ್ತು.

ರಾಜಧಾನಿ ಸಾನ್ ಹೊಸೆಯಿಂದ ಬಸ್ಸು ಬೆಟ್ಟ ಇಳಿಯುತ್ತಾ ಹೋದಂತೆ ಗಾಳಿ ದಪ್ಪವಾಗುತ್ತದೆ. ನಿಕೋಯಾ ಪರ್ಯಾಯ ದ್ವೀಪಕ್ಕೆ ಹೋಗಲು ಆಗ ಟೆಂಪಿಸ್ಕೆ ನದಿಯನ್ನು ಬಾರ್ಜಿನಲ್ಲಿ ದಾಟಬೇಕಿತ್ತು. ತೈವಾನ್ ಸರ್ಕಾರದ ನೆರವಿನಿಂದ ಕಟ್ಟಿದ ಸೇತುವೆ ಸಂಚಾರಕ್ಕೆ ತೆರೆದದ್ದು ಮಾರನೆಯ ವರ್ಷ, 2003ರಲ್ಲಿ. ಬಾರ್ಜಿನ ಕಟಕಟೆಗೆ ಒರಗಿ ನಿಂತಾಗ ಕೆಸರು ನೀರಿನ, ಕಾಂಡ್ಲಾ ಗಿಡಗಳ ವಾಸನೆ ಬಂತು. ಅದು ಅಳಿವೆಯ ವಾಸನೆ, ನಾನು ಹುಟ್ಟಿ ಬೆಳೆದ ವಾಸನೆ. ಆಮೇಲೆ ಸಿಕ್ಕಿದ್ದೆಲ್ಲ ಹಾಗೇ. ದನ ಮೇಯಿಸುವ ಬಯಲುಗಳ ಸುತ್ತ ಬೇಲಿಗೆ ನೆಟ್ಟಿದ್ದು ನಮ್ಮ ಗೊಬ್ಬರದ ಗಿಡ, ಗ್ಲಿರಿಸಿಡಿಯಾ. ಅದರ ತವರು ಅದೇ ನೆಲ. ಮನೆಗಳ ಮುಂದೆ ದೇವಕಣಗಿಲೆ, ಬಯಲಿನ ನಡುವೆ ಮಳೆಮರ, ಹಿತ್ತಲಲ್ಲಿ ಗೇರು, ಚಪ್ಪರದಲ್ಲಿ ಸೀಮೆಬದನೆ. ನಮ್ಮವೆಂದೇ ತಿಳಿದಿದ್ದ ಎಷ್ಟೋ ಗಿಡಗಳು ಹಡಗು ಹತ್ತಿ ನಮ್ಮಲ್ಲಿಗೆ ಬಂದಿದ್ದು ಆ ಖಂಡದಿಂದ.

ನಾನಿದ್ದ ಊರು ಸಾಮಾರಾ. ಅರ್ಧಚಂದ್ರದ ಕಡಲಕೊಲ್ಲಿ, ಅದರ ಬಾಯಲ್ಲಿ ಬಂಡೆಸಾಲು, ಅದಕ್ಕೆ ಬಡಿದು ಅಲೆಗಳೆಲ್ಲ ಮೆತ್ತಗಾಗಿ ಒಳಗೆ ಬರುತ್ತಿದ್ದವು. ಮನೆಯಾಕೆ ಐವತ್ತು ದಾಟಿದ ಹೆಂಗಸು. ಗಂಡ ತೀರಿಹೋಗಿದ್ದ, ಗಂಡುಮಕ್ಕಳಿಬ್ಬರು ದೋಣಿಗೆ ಹೋಗುತ್ತಿದ್ದರು. ಬೆಳಗಾಗುವ ಮೊದಲೇ ಹಿತ್ತಲ ಮರಗಳಲ್ಲಿ ಹೌಲರ್ ಕೋತಿಗಳು ಹೂಂಕರಿಸುತ್ತಿದ್ದವು. ಗಾತ್ರದಲ್ಲಿ ದೊಡ್ಡವೇನಲ್ಲ, ಆದರೆ ಆ ಗಂಟಲು ಹೊರಡಿಸುವ ಸದ್ದು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಆ ಸದ್ದಿಗೇ ಮನೆಯಾಕೆ ಎದ್ದು ಒಲೆ ಹಚ್ಚುತ್ತಿದ್ದಳು. ಹಿಂದಿನ ದಿನದ ಅನ್ನ, ಬೇಯಿಸಿದ ಕಪ್ಪು ಬೀನ್ಸ್, ಈರುಳ್ಳಿ, ಕೊತ್ತಂಬರಿ ಸೊಪ್ಪು ಸೇರಿಸಿ ಹುರಿದರೆ ಅದು ‘ಗಾಯೊ ಪಿಂತೊ’, ಆ ದೇಶದ ಬೆಳಗಿನ ತಿಂಡಿ. ಪಕ್ಕಕ್ಕೆ ಹುರಿದ ಮಾಗಿದ ಬಾಳೆಹಣ್ಣು, ಮೆಕ್ಕೆಜೋಳದ ರೊಟ್ಟಿ. ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಜೀವ ಕೊಡುವ ಅಡುಗೆಯ ಜಾಣ್ಮೆ ಬಡವರ ಮನೆಯಲ್ಲೇ ಹುಟ್ಟುತ್ತದೆ. ನಮ್ಮಲ್ಲಿ ಅದು ಗಂಜಿಯ ಪಾತ್ರೆಯಲ್ಲಿತ್ತು, ಅಲ್ಲಿ ಬಾಣಲೆಯಲ್ಲಿ.

ಆಕೆ ನನ್ನನ್ನು ‘ನೀವು’ ಎಂದೇ ಕರೆದಳು. ತನ್ನ ಮಕ್ಕಳನ್ನೂ ಹಾಗೇ ಕರೆಯುತ್ತಿದ್ದಳು, ಅಂಗಳದ ನಾಯಿಯನ್ನೂ. ಆ ದೇಶದ ರೂಢಿಯೇ ಅದು. ಊರಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ. ಇಗರ್ಜಿಯಿಂದ ಇಷ್ಟು ಮೀಟರ್ ದಕ್ಷಿಣ, ಅಲ್ಲಿಂದ ಇಷ್ಟು ಪೂರ್ವ ಎಂದು ವಿಳಾಸ. ರಾಜಧಾನಿಯ ಪಕ್ಕದ ಸಾನ್ ಪೆದ್ರೊದಲ್ಲಂತೂ ಎಂದೋ ಇಲ್ಲವಾದ ಹಳೆಯ ಅತ್ತಿಮರವೊಂದನ್ನೇ ಗುರುತಾಗಿಟ್ಟುಕೊಂಡು ಜನ ದಾರಿ ಹೇಳುತ್ತಿದ್ದರು. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ನಮ್ಮ ಕೇರಿಯ ವಿಳಾಸವೂ ಬಿದ್ದುಹೋದ ಮಂಜುಗಡ್ಡೆ ಕಾರ್ಖಾನೆಯ ಹಿಂದೆ ಎಂದೇ ಇತ್ತು. ಅಪ್ಪನಿಗೆ ನಾನು ಹಾಕಿದ ಕಾಗದಗಳೆಲ್ಲ ಆ ವಿಳಾಸ ಹಿಡಿದೇ ತಲುಪಿದವು.

ತರಗತಿ ನಡೆಯುತ್ತಿದ್ದುದು ತಾಳೆಗರಿ ಹೊದಿಸಿದ, ಗೋಡೆಯಿಲ್ಲದ ಚಪ್ಪರದಲ್ಲಿ. ಕಲಿಸುವಾಕೆಯನ್ನು ಎಲ್ಲರೂ ‘ಪ್ರೊಫೆ’ ಎನ್ನುತ್ತಿದ್ದರು. ನಲವತ್ತರ ಆಸುಪಾಸಿನ, ನಿಕೋಯಾ ಸೀಮೆಯದೇ ಹೆಂಗಸು. ತಪ್ಪಿಗೆ ಬೈಯುತ್ತಿರಲಿಲ್ಲ, ಆದರೆ ಸರಿಯಾಗುವವರೆಗೆ ಬಿಡುತ್ತಲೂ ಇರಲಿಲ್ಲ. ನನ್ನ ಜೊತೆ ಜರ್ಮನಿಯ ಒಬ್ಬ ಯುವಕ, ಕೆಲಸದಿಂದ ನಿವೃತ್ತರಾದ ಅಮೆರಿಕದ ಗಂಡಹೆಂಡತಿ, ಸ್ವಿಟ್ಜರ್ಲೆಂಡಿನ ಇಬ್ಬರು ಹುಡುಗಿಯರು. ಅವರೆಲ್ಲ ಪಾಠ ಮುಗಿದೊಡನೆ ಸರ್ಫಿಂಗ್ ಹಲಗೆ ಹಿಡಿದು ನೀರಿಗೆ ಇಳಿಯುತ್ತಿದ್ದರು. ನಾನು ದೋಣಿ ಬರುವಲ್ಲಿಗೆ ಹೋಗುತ್ತಿದ್ದೆ. ಕಡಲೆಂದರೆ ಆಟವಾಡುವ ಜಾಗ ಎಂಬುದು ನನ್ನ ಮೈಗೆ ಹತ್ತಿದ್ದಲ್ಲ. ನಮ್ಮಲ್ಲಿ ಮೈ ತೊಯಿಸಿಕೊಂಡು ಬರುವುದು ಕೆಲಸಕ್ಕೆ.

ಎರಡು ಬಗೆಯ ಭೂತಕಾಲ ಕಲಿಸುವ ದಿನ ಬಂತು. ಒಮ್ಮೆ ನಡೆದು ಮುಗಿದದ್ದಕ್ಕೆ ಒಂದು ರೂಪ, ಆಗಾಗ ನಡೆಯುತ್ತಲೇ ಇದ್ದುದಕ್ಕೆ ಇನ್ನೊಂದು. ‘ನೀವು ಚಿಕ್ಕವರಿದ್ದಾಗ ಏನೇನು ಮಾಡುತ್ತಿದ್ದಿರಿ, ಏನೇನು ತಿನ್ನುತ್ತಿದ್ದಿರಿ, ಹೇಳಿ’ ಎಂದರು ಪ್ರೊಫೆ. ಜರ್ಮನಿಯವನು ಹಿಮದಲ್ಲಿ ಜಾರುಬಂಡಿ ಎಳೆದದ್ದು ಹೇಳಿದ. ನನ್ನ ಸರದಿ ಬಂತು. ನನ್ನ ಬಳಿ ಇದ್ದ ಪದಗಳು ಕಡಿಮೆ. ಅಪ್ಪ ಮೀನು ಹಿಡಿಯುತ್ತಿದ್ದ. ದೊಡ್ಡ ಬಲೆ, ರಂಪಣಿ, ಬಹಳ ಜನ ಸೇರಿ ಎಳೆಯುತ್ತಿದ್ದರು. ಅಮ್ಮ ಮೀನು ಮಾರುತ್ತಿದ್ದಳು. ಚಳಿಗಾಲದಲ್ಲಿ ಆಮೆ ಬರುತ್ತಿತ್ತು. ಮಾವ ಪಂಚೆಯಲ್ಲಿ ಮೊಟ್ಟೆ ಕಟ್ಟಿ ತರುತ್ತಿದ್ದ. ಅಜ್ಜಿ ಉಪ್ಪುನೀರಿನಲ್ಲಿ ಬೇಯಿಸುತ್ತಿದ್ದಳು. ನಾವು ತಿನ್ನುತ್ತಿದ್ದೆವು.

ಕನ್ನಡದಲ್ಲಾಗಿದ್ದರೆ ನಾನು ಅದನ್ನು ಹಾಗೆ ಹೇಳುತ್ತಿರಲಿಲ್ಲ. ಹಸಿವು, ಬಡತನ, ಮಳೆಗಾಲದ ಸಾಲ ಎಂದೆಲ್ಲ ಸುತ್ತ ಕಟ್ಟಿ ನಡುವೆ ಮೊಟ್ಟೆಯನ್ನು ಇಡುತ್ತಿದ್ದೆ. ನಿಜವೇನೆಂದರೆ ನಾವು ಅದನ್ನು ಇಷ್ಟಪಟ್ಟು ತಿನ್ನುತ್ತಿದ್ದೆವು. ಎಷ್ಟು ಬೇಯಿಸಿದರೂ ಅದರ ಬಿಳಿಭಾಗ ಗಟ್ಟಿಯಾಗುವುದಿಲ್ಲ. ಮೆತ್ತನೆಯ ಚಿಪ್ಪನ್ನು ಹರಿದು ಹೀರಬೇಕು. ಅದನ್ನು ಹೇಳಲು ನನಗೆ ಪದ ಸಾಲದೆ ಕೈಯಲ್ಲಿ ತೋರಿಸಿದೆ. ಜರ್ಮನಿಯವನು ಪೆನ್ನು ಕೆಳಗಿಟ್ಟ. ಅಮೆರಿಕದ ಅಮ್ಮ ಕಣ್ಣು ತಗ್ಗಿಸಿದರು. ಆಗ ಪ್ರೊಫೆ ಕೇಳಿದರು: ‘ನಿಮ್ಮ ಊರಲ್ಲೂ ತಿನ್ನುತ್ತಿದ್ದಿರಾ? ಆಮೆಯನ್ನು?’

ಇಲ್ಲ, ಆಮೆಯನ್ನಲ್ಲ. ಆಮೆ ನಮ್ಮವರಿಗೆ ದೇವರು, ಕೂರ್ಮಾವತಾರ. ಬಲೆಗೆ ಬಿದ್ದರೆ ಚಿಪ್ಪಿಗೆ ಕುಂಕುಮ ಹಚ್ಚಿ ಕೈಮುಗಿದು ಕಡಲಿಗೆ ಬಿಡುತ್ತಿದ್ದರು. ಗೂಡನ್ನು ಪೂರ್ತಿ ಬರಿದು ಮಾಡಬೇಡ ಎಂದು ಅಜ್ಜಿ ಮಾವನಿಗೆ ಹೇಳುತ್ತಿದ್ದಳು. ಇಷ್ಟನ್ನೂ ಹೇಗೋ ಹೇಳಿ ಮುಗಿಸಿದೆ.

‘ಮೊಟ್ಟೆಯನ್ನು ನಾವು ಈಗಲೂ ತಿನ್ನುತ್ತೇವೆ’ ಎಂದರು ಪ್ರೊಫೆ, ತರಗತಿಯ ಕಡೆ ತಿರುಗಿ. ‘ಕಾನೂನಿನ ಪ್ರಕಾರವೇ. ನನ್ನ ಅಮ್ಮನ ಮನೆ ಓಸ್ಟಿಯೊನಾಲ್.’ ಆಮೇಲೆ ನನ್ನೊಬ್ಬಳಿಗೇ ಹೇಳಿದರು, ಚಂದ್ರ ಕರಗುತ್ತಿದ್ದಾನೆ, ಇನ್ನೇನು ಅರಿಬಾದಾ ಶುರುವಾಗುತ್ತದೆ, ಬನ್ನಿ ಎಂದು.

ಅರಿಬಾದಾ ಎಂದರೆ ಆಮೆಗಳ ದಂಡು ಬರುವುದು. ಆಲಿವ್ ರಿಡ್ಲೆ ಕಡಲಾಮೆ ಪ್ರಪಂಚದ ಬೆಚ್ಚಗಿನ ಕಡಲುಗಳಲ್ಲೆಲ್ಲ ಇದೆ, ನಮ್ಮ ಕರಾವಳಿಯಲ್ಲಿ ಮೊಟ್ಟೆಯಿಡುವುದೂ ಅದೇ. ಆದರೆ ಸಾವಿರಾರು ಆಮೆಗಳು ಒಟ್ಟಾಗಿ ಕೆಲವೇ ರಾತ್ರಿಗಳಲ್ಲಿ ಒಂದೇ ದಂಡೆಗೆ ಏರುವುದು ಭೂಮಿಯ ಮೇಲೆ ಕೆಲವೇ ಕಡೆ. ನಮ್ಮ ಒಡಿಶಾದ ಗಹಿರ್ಮಾಥಾ, ಋಷಿಕುಲ್ಯಾ ಅಂಥವು. ಓಸ್ಟಿಯೊನಾಲ್ ಕೂಡ.

ಪ್ರೊಫೆಯ ತಮ್ಮನ ಜೀಪಿನಲ್ಲಿ ಹೊಳೆಗಳ ಕೆಸರು ನೀರನ್ನು ಹಾಯ್ದು ನೊಸಾರಾ ದಾಟಿ ಹೋದೆವು. ಊರು ಮುಟ್ಟುವ ಮೊದಲೇ ಮೂಗಿಗೆ ತಿಳಿಯಿತು. ಕೊಳೆತ ಮೊಟ್ಟೆಯ ವಾಸನೆ ಮಳೆಯಲ್ಲೂ ಅಡಗಿರಲಿಲ್ಲ. ಕಪ್ಪು ಮರಳಿನ ದಂಡೆ, ದೀಪ ಹಚ್ಚುವಂತಿಲ್ಲ. ಮೊದಲು ಏನೂ ಕಾಣಲಿಲ್ಲ. ಕೇಳಿಸಿತು. ಚಿಪ್ಪಿಗೆ ಚಿಪ್ಪು ತಾಗುವ ಟಕಟಕ ಸದ್ದು, ಉಸಿರು ಬಿಡುವ ನಿಟ್ಟುಸಿರಿನಂಥ ಸದ್ದು, ಹಿಂಗಾಲು ತೋಡಿ ಎಸೆದ ಮರಳು ಮೈಮೇಲೆ ಬೀಳುವ ಸದ್ದು. ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ದಂಡೆಯೇ ನಡೆಯುತ್ತಿದೆ ಎನ್ನಿಸಿತು. ಬರುವವು, ತೋಡುವವು, ಇಟ್ಟು ಮರಳು ಮುಚ್ಚಿ ಮೈಯನ್ನು ಅತ್ತಿತ್ತ ಕುಟ್ಟಿ ನೆಲ ಗಟ್ಟಿಮಾಡುವವು, ಮರಳಿ ಹೋಗುವವು. ಒಂದರ ಮೇಲೊಂದು ಹತ್ತಿ ಇಳಿಯುತ್ತಿದ್ದವು. ಒಬ್ಬಳ ಗೂಡನ್ನು ಇನ್ನೊಬ್ಬಳು ಅಗೆದು ಮೊಟ್ಟೆಗಳನ್ನು ಹೊರಗೆ ಚೆಲ್ಲಿ ತನ್ನದನ್ನು ಇಡುತ್ತಿದ್ದಳು. ಹೆರಿಗೆ ವಾರ್ಡಿನಲ್ಲಿ ಅಷ್ಟು ವರ್ಷ ದುಡಿದವಳು ನಾನು. ಆ ರಾತ್ರಿ ಅಲ್ಲಿ ನಿಂತು ಅತ್ತುಬಿಟ್ಟೆ. ಆಮೆಯ ಕಣ್ಣಿನಿಂದಲೂ ನೀರು ಸುರಿಯುತ್ತಿತ್ತು. ಅದು ಮೈಯಲ್ಲಿನ ಹೆಚ್ಚಿನ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ ಎಂದು ಪ್ರೊಫೆಯ ತಮ್ಮ ಹೇಳಿದ. ಗೊತ್ತಾದ ಮೇಲೂ ನನ್ನ ಅಳು ನಿಲ್ಲಲಿಲ್ಲ.

ಬೆಳಗಾದಾಗ ಊರಿಗೆ ಊರೇ ದಂಡೆಗೆ ಇಳಿಯಿತು. ಗಂಡಸರು ಬರಿಗಾಲಿನಲ್ಲಿ, ಹಿಮ್ಮಡಿ ಊರಿ ಊರಿ, ನಿಧಾನವಾಗಿ ನಡೆದರು. ಹೊಸ ಗೂಡಿನ ಮೇಲಿನ ಮರಳು ಸ್ವಲ್ಪ ಸಡಿಲ, ಅದು ಹಿಮ್ಮಡಿಗೆ ತಿಳಿಯುತ್ತದೆ. ಅವರು ಗುರುತು ಮಾಡಿದಲ್ಲಿ ಹೆಂಗಸರು ಮಂಡಿಯೂರಿ ಕೈಯಿಂದಲೇ ತೋಡಿ ಮೊಟ್ಟೆಗಳನ್ನು ಚೀಲಕ್ಕೆ ತುಂಬಿದರು. ಹುಡುಗರು ಚೀಲ ಹೊತ್ತರು. ಚಪ್ಪರದಡಿ ತೊಳೆದು, ಎಣಿಸಿ, ಮುದ್ರೆಯಿದ್ದ ಚೀಲಗಳಿಗೆ ಹಾಕಿ ಲಾರಿಗೆ ಏರಿಸಿದರು. ಆ ಮುದ್ರೆಯಿದ್ದರಷ್ಟೇ ದೇಶದೊಳಗೆ ಮಾರಬಹುದು. ಪೇಟೆಯ ಬಾರುಗಳಲ್ಲಿ ಖಾರದ ಸಾರಿಗೆ ಹಸಿ ಮೊಟ್ಟೆ ಒಡೆದು ಹಾಕಿ ಕುಡಿಯುವವರಿದ್ದರು.

1987ರಿಂದ ಕಾನೂನು ಇದಕ್ಕೆ ಅವಕಾಶ ಕೊಟ್ಟಿತ್ತು. ಅರಿಬಾದಾ ಶುರುವಾದ ಮೊದಲ 36 ಗಂಟೆ ಮಾತ್ರ. ಅದರ ಹಿಂದಿನ ತರ್ಕವನ್ನು ಪ್ರೊಫೆ ದಾರಿಯುದ್ದಕ್ಕೂ, ನನಗೆ ತಿಳಿಯುವಷ್ಟು ನಿಧಾನವಾಗಿ ಬಿಡಿಸಿ ಹೇಳಿದ್ದರು. ಮೊದಲ ರಾತ್ರಿಗಳ ಮೊಟ್ಟೆಗಳಲ್ಲಿ ಬಹುಪಾಲನ್ನು ಆಮೇಲೆ ಬರುವ ಆಮೆಗಳೇ ಅಗೆದು ಹಾಳು ಮಾಡುತ್ತವೆ. ಒಡೆದ ಮೊಟ್ಟೆ ಮರಳಲ್ಲಿ ಕೊಳೆತು ಬೂಸಲು, ಬ್ಯಾಕ್ಟೀರಿಯಾ ಹಬ್ಬಿಸಿ ಪಕ್ಕದ ಗೂಡುಗಳನ್ನೂ ಕೆಡಿಸುತ್ತದೆ. ಹೇಗೂ ಹಾಳಾಗುವುದನ್ನು ಊರು ತೆಗೆದುಕೊಳ್ಳಲಿ, ಬದಲಿಗೆ ಉಳಿದದ್ದನ್ನು ಊರೇ ಕಾಯಲಿ. ಕಾಯುವುದೆಂದರೆ ಬರೀ ಮಾತಲ್ಲ. ಮಳೆಗೆ ತೇಲಿ ಬಂದ ದಿಮ್ಮಿಗಳನ್ನು ಎಳೆದು ದಂಡೆ ಸ್ವಚ್ಛ ಮಾಡಬೇಕು, ರಾತ್ರಿ ಸುತ್ತಬೇಕು, ಮರಿಗಳು ಹೊರಟಾಗ ರಣಹದ್ದು, ನಾಯಿಗಳನ್ನು ಓಡಿಸುತ್ತಾ ನೀರಿನವರೆಗೆ ಜೊತೆಗಿರಬೇಕು. ಬಂದ ಹಣವನ್ನು ಊರಿನ ಸಂಘ ಹಂಚುತ್ತಿತ್ತು. ಸ್ವಲ್ಪ ಊರಿನ ಕೆಲಸಕ್ಕೆ, ಉಳಿದದ್ದು ಸದಸ್ಯರಿಗೆ.

ಪ್ರೊಫೆಯ ಅಮ್ಮ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದರು. ಮಂಡಿ ನೋವಿನಿಂದ ಮರಳಿಗೆ ಇಳಿಯಲಾಗದು. ಆದರೂ ಅವರ ಪಾಲು ಬರುತ್ತಿತ್ತು, ಅಷ್ಟು ವರ್ಷ ದುಡಿದದ್ದಕ್ಕೆ. ಅವರ ಪಕ್ಕದಲ್ಲಿ ತುಂಬು ಬಸುರಿಯೊಬ್ಬಳು ಕೂತಿದ್ದಳು, ಅವಳಿಗೂ ಪಾಲು. ನಾನು ಅಭ್ಯಾಸಬಲದಿಂದ ಅವಳ ಕಾಲಿನ ಊತ ಒತ್ತಿ ನೋಡಿ, ತಲೆನೋವಿದೆಯೇ, ಕಣ್ಣು ಮಂಜಾಗುತ್ತದೆಯೇ ಎಂದು ಕೇಳಿದೆ. ಅವಳು ಉತ್ತರಿಸಿದಳು. ನಡುವೆ ಯಾವ ಫೋನೂ ಇರಲಿಲ್ಲ. ನಾನು ಸ್ಪ್ಯಾನಿಷ್ ಕಲಿತದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಆ ಬೆಳಗು ಎನ್ನುತ್ತೇನೆ.

ಉಳಿದ ದಿನಗಳಲ್ಲಿ ದೇಶದ ಬೇರೆ ಭಾಗಗಳನ್ನೂ ನೋಡಿದೆ. ಮೊಂಟೆವೆರ್ಡೆಯ ಮೋಡದ ಕಾಡಿಗೆ ಹೋದೆ. ಸೈನ್ಯಕ್ಕೆ ಸೇರಲು ಒಪ್ಪದ ಅಮೆರಿಕದ ಕ್ವೇಕರ್ ಪಂಥದ ಕುಟುಂಬಗಳವರು 1951ರಲ್ಲಿ ಅಲ್ಲಿ ನೆಲೆಯೂರಿ, ಹಸು ಸಾಕಿ ಚೀಸ್ ಮಾಡಿ ಬದುಕಿದವರು. ತಮ್ಮ ನೀರಿನ ಮೂಲ ಉಳಿಯಲೆಂದು ಮೇಲಿನ ಕಾಡನ್ನು ಕಡಿಯದೆ ಬಿಟ್ಟರು. ಅದೇ ಕಾಡಿನಲ್ಲಿ, ಬೇರೆಲ್ಲೂ ಇಲ್ಲದ, ಉರಿಯುವ ಕಿತ್ತಳೆ ಬಣ್ಣದ ಕಪ್ಪೆಯೊಂದು ಇತ್ತು. ಕೊನೆಯ ಸಲ ಕಂಡದ್ದು 1989ರಲ್ಲಿ. ಕಾಡು ಹಾಗೇ ನಿಂತಿರುವಾಗಲೂ ಅದರೊಳಗಿನ ಜೀವವೊಂದು ಇಲ್ಲವಾಗಬಹುದು ಎಂದು ನಾನು ಮೊದಲ ಬಾರಿ ತಿಳಿದದ್ದು ಅಲ್ಲಿ. ರಾಜಧಾನಿಯಲ್ಲಿ ಹಳೆಯ ಸೇನಾ ಕೋಟೆ ಈಗ ರಾಷ್ಟ್ರೀಯ ವಸ್ತುಸಂಗ್ರಹಾಲಯ. 1948ರ ಡಿಸೆಂಬರ್ 1ರಂದು, ಆಗ ದೇಶದ ಆಡಳಿತ ನಡೆಸುತ್ತಿದ್ದ ಹೊಸೆ ಫಿಗೆರೆಸ್ ಅದರ ಗೋಡೆಗೆ ಸುತ್ತಿಗೆಯ ಏಟು ಕೊಟ್ಟು ಸೈನ್ಯವನ್ನೇ ರದ್ದು ಮಾಡಿದರು. ಹೊರಗೋಡೆಗಳಲ್ಲಿ ಗುಂಡಿನ ಗುರುತು ಇನ್ನೂ ಇದೆ.

ಟೆಕ್ಸಾಸ್‌ಗೆ ಮರಳಿದ ಮೇಲೆ ವರ್ಷಗಟ್ಟಲೆ ನಾನು ಆ ದೇಶವನ್ನು ಕಂಡಕಂಡವರ ಮುಂದೆ ಹೊಗಳಿದೆ. ಹೊಗಳಿಕೆಗೆ ಅದು ಅರ್ಹವೂ ಹೌದು. ಅಮೆರಿಕದ ಹ್ಯಾಂಬರ್ಗರಿಗೆ ಮಾಂಸ ಒದಗಿಸಲು ಕಾಡು ಕಡಿದು ಹುಲ್ಲುಗಾವಲು ಮಾಡಿಕೊಂಡಿದ್ದ ದೇಶ ಅದು. ಅದೇ ದೇಶ 1996ರ ಅರಣ್ಯ ಕಾನೂನಿನ ಮೂಲಕ ಕಾಡು ಉಳಿಸುವ ಜಮೀನುದಾರರಿಗೆ ಹಣ ಕೊಡಲು ತೊಡಗಿತು. ಅದಕ್ಕೆ ಪೆಟ್ರೋಲು, ಡೀಸೆಲಿನ ಮೇಲಿನ ತೆರಿಗೆಯ ಒಂದು ಪಾಲು. ಈಗ ಅರ್ಧಕ್ಕಿಂತ ಹೆಚ್ಚು ನೆಲದ ಮೇಲೆ ಮತ್ತೆ ಮರಗಳಿವೆ. ಇಷ್ಟೆಲ್ಲ ನಿಜ. ಆದರೆ ಅಲ್ಲಿನ ಕಡಲಿನ ಕತೆ ಬೇರೆ. ಸಾಮಾರಾದಿಂದ ಉತ್ತರಕ್ಕಿರುವ ಪ್ಲಾಯಾ ಗ್ರಾಂಡೆಯಲ್ಲಿ 1988-89ರ ಋತುವಿನಲ್ಲಿ 1,300ಕ್ಕೂ ಹೆಚ್ಚು ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆಯಿಟ್ಟಿದ್ದವು. ಹತ್ತು ವರ್ಷಗಳಲ್ಲಿ ಆ ಸಂಖ್ಯೆ ನೂರರ ಆಸುಪಾಸಿಗೆ ಇಳಿಯಿತು. ಮೊಟ್ಟೆ ಕದಿಯುವುದರ ಜೊತೆಗೆ ದೂರದ ಕಡಲಿನಲ್ಲಿ ಬೇರೆ ಬೇರೆ ದೇಶಗಳ ಬಲೆ, ಗಾಳಗಳಿಗೆ ಸಿಕ್ಕಿ ಅವು ಸತ್ತವು. ದಂಡೆಯನ್ನು ರಾಷ್ಟ್ರೀಯ ಉದ್ಯಾನ ಮಾಡಿದ ಮಾತ್ರಕ್ಕೆ ಅಷ್ಟು ದೂರ ಈಜುವ ಜೀವಕ್ಕೆ ರಕ್ಷಣೆ ಸಿಗುವುದಿಲ್ಲ.

2013ರ ಮೇ 30ರ ರಾತ್ರಿ ಆ ದೇಶದ ಇನ್ನೊಂದು ಬದಿಯ, ಕೆರಿಬಿಯನ್ ಕಡಲಿನ ಮೊಯಿನ್ ದಂಡೆಯಲ್ಲಿ ಆಮೆಗಳ ಗೂಡು ಕಾಯುತ್ತಿದ್ದ ಹೈರೊ ಮೋರಾ ಎಂಬ ಯುವಕನನ್ನು ಮೊಟ್ಟೆಗಳ್ಳರು ಕೊಂದರು. 26 ವರ್ಷ ಅವನಿಗೆ. ಸುದ್ದಿ ಓದಿದಾಗ ನಾನು ರಾತ್ರಿ ಪಾಳಿಯಲ್ಲಿದ್ದೆ. ಓಸ್ಟಿಯೊನಾಲ್‌ನಲ್ಲಿ ಊರಿಗೆ ಊರೇ ದಂಡೆಗಿಳಿಯುತ್ತಿತ್ತು. ಮೊಯಿನ್‌ನಲ್ಲಿ ಆ ಕತ್ತಲಲ್ಲಿ ಅವನು ಮತ್ತು ಜೊತೆಗೆ ಬೆರಳೆಣಿಕೆಯ ಸ್ವಯಂಸೇವಕರು. ಕಾವಲು ಕೆಲವರದೇ ಆಗಿ ಉಳಿದರೆ ಅದರ ಬೆಲೆಯನ್ನು ಆ ಕೆಲವರೇ ತೆರುತ್ತಾರೆ ಎಂಬ ನನ್ನ ನಂಬಿಕೆ ಆ ರಾತ್ರಿ ಗಟ್ಟಿಯಾಯಿತು, ಇಂದಿಗೂ ಸಡಿಲಾಗಿಲ್ಲ.

ಓಸ್ಟಿಯೊನಾಲ್ ಕೂಡ ಹಾಗೇ ಉಳಿಯಲಿಲ್ಲ. 2015ರ ಸೆಪ್ಟೆಂಬರಿನಲ್ಲಿ ಅರಿಬಾದಾ ನೋಡಲು ನೂರಾರು ಪ್ರವಾಸಿಗರು ನುಗ್ಗಿ, ಕಡಲಿನಿಂದ ಬರುತ್ತಿದ್ದ ಆಮೆಗಳಿಗೆ ಅಡ್ಡ ನಿಂತು, ಮಕ್ಕಳನ್ನು ಅವುಗಳ ಬೆನ್ನ ಮೇಲೆ ಕೂರಿಸಿ ಚಿತ್ರ ತೆಗೆದರು. ಎಷ್ಟೋ ಆಮೆಗಳು ಮೊಟ್ಟೆಯಿಡದೆ ತಿರುಗಿಹೋದವು. ಆ ಚಿತ್ರಗಳನ್ನು ನೋಡಿ ನನಗೆ ಆದ ಸಿಟ್ಟು ಬರೆದು ತೀರುವಂಥದ್ದಲ್ಲ. ಹೆರುವವಳ ಮುಂದೆ ಅಡ್ಡ ನಿಲ್ಲಬಾರದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ.

ಕೆಲಸ ಬಿಟ್ಟು ಊರಿಗೆ ಮರಳುವ ಮೊದಲು, 2019ರಲ್ಲಿ, ಮತ್ತೆ ಸಾಮಾರಾಕ್ಕೆ ಹೋದೆ. ಕೊಲ್ಲಿ ಅದೇ, ಅಲೆಗಳೂ ಅವೇ. ಮನೆಯಾಕೆಯ ಜಾಗದಲ್ಲಿ ಈಜುಕೊಳವಿದ್ದ ಬಾಡಿಗೆ ಮನೆ ನಿಂತಿತ್ತು. ಒಳ್ಳೆಯ ಬೆಲೆ ಬಂತೆಂದು ಮಕ್ಕಳು ಮಾರಿದ್ದರು. ಆ ಬೆಲೆಗೆ ಅದೇ ಊರಲ್ಲಿ ಮತ್ತೊಂದು ಮನೆ ಕೊಳ್ಳಲಾಗದೆ ಕಡಲಿನಿಂದ ದೂರ, ಒಳನಾಡಿಗೆ ಹೋಗಿದ್ದರು. ದೋಣಿಗೆ ಹೋಗುತ್ತಿದ್ದ ದೊಡ್ಡ ಮಗ ಅದೇ ಬಾಡಿಗೆ ಮನೆಯ ತೋಟ ನೋಡಿಕೊಳ್ಳುತ್ತಿದ್ದ. ನೊಸಾರಾ ಕಡೆ ಯೋಗ ಶಾಲೆಗಳು, ಸರ್ಫಿಂಗ್ ಹೋಟೆಲುಗಳು, ಎಲ್ಲ ಫಲಕಗಳೂ ಇಂಗ್ಲಿಷ್‌ನಲ್ಲಿ. ನಾನು ಸ್ಪ್ಯಾನಿಷ್‌ನಲ್ಲಿ ಕಾಫಿ ಕೇಳಿದರೆ ಹುಡುಗಿ ಇಂಗ್ಲಿಷ್‌ನಲ್ಲಿ ಉತ್ತರಿಸಿದಳು. ನಾವು, ಭಾಷೆ ಕಲಿಯಲು ಬಂದವರೇ, ಈ ದಾರಿಯನ್ನು ಮೊದಲು ತುಳಿದವರು. ನಾವು ಊಟಕ್ಕೆ ಕೊಟ್ಟ ಹಣದಿಂದ ಎಷ್ಟೋ ವಿಧವೆಯರ ಒಲೆ ಉರಿಯಿತು. ನಮ್ಮ ಹಿಂದೆ ಬಂದವರು ಒಲೆಯಿದ್ದ ನೆಲವನ್ನೇ ಕೊಂಡರು. ಎರಡೂ ನಡೆದದ್ದೇ, ಒಂದರಿಂದ ಇನ್ನೊಂದನ್ನು ಬಿಡಿಸಿ ನೋಡಲು ನನ್ನಿಂದಾಗದು.

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯ ಬಳಿ ಈಗ ನನ್ನ ವಾಸ. ಇಲ್ಲಿಗೆ ಓಸ್ಟಿಯೊನಾಲ್‌ನ ಪದ್ಧತಿಯನ್ನು ಎತ್ತಿ ತರಲು ಬರುವುದಿಲ್ಲ. ನಮ್ಮಲ್ಲಿ ಆಮೆಗಳು ದಂಡಾಗಿ ಬರುವುದಿಲ್ಲ, ಒಂಟಿಯಾಗಿ ಬರುತ್ತವೆ. ಯಾವ ಆಮೆಯೂ ಇನ್ನೊಂದರ ಗೂಡನ್ನು ಅಗೆಯುವುದಿಲ್ಲ, ಆದ್ದರಿಂದ ಹೇಗೂ ಹಾಳಾಗುವ ಮೊಟ್ಟೆ ಎಂಬುದೇ ಇಲ್ಲ. ನೂರರಷ್ಟು ಮೊಟ್ಟೆಯ ಪ್ರತಿ ಗೂಡೂ ಉಳಿಯಬೇಕು. ಮಾವ ಪಂಚೆಯಲ್ಲಿ ಕಟ್ಟಿ ತಂದ ಕಾಲ ಮುಗಿದದ್ದು ಒಳ್ಳೆಯದೇ ಆಯಿತು, ಮತ್ತೆ ಬರುವುದೂ ಬೇಡ. ಕಾಯ್ದೆ ಇರಲಿ, ಬೇಲಿಯೂ ಇರಲಿ.

ಆದರೆ ಕಾಯುವವರಿಗೆ ಪಾಲು ಎಂಬ ಮಾತನ್ನು ತರಬಹುದು. ನಮ್ಮಲ್ಲಿ ಗೂಡು ಮೊದಲು ಕಾಣುವುದು ಬಲೆಗೆ ಹೋಗುವವರಿಗೆ, ಒಣಮೀನು ಹರಡಲು ನಸುಕಿನಲ್ಲಿ ದಂಡೆಗೆ ಬರುವ ಹೆಂಗಸರಿಗೆ. ನಾಯಿ, ನರಿ ಬಂದರೆ ಓಡಿಸುವವರೂ ಅವರೇ. ಫಲಕದಲ್ಲಿ ಅವರ ಹೆಸರಿಲ್ಲ, ಅವರಿಗಿರುವುದು ಎಚ್ಚರಿಕೆ ಮಾತ್ರ. ಇದೇ ದಂಡೆಯ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆ ಬಂದಾಗ, ಮೀನುಗಾರರು ತಮ್ಮ ನೆಲೆಗಾಗಿ ಬೀದಿಗಿಳಿದಾಗ, ಇಲ್ಲಿ ಆಮೆ ಮೊಟ್ಟೆಯಿಡುತ್ತದೆ ಎಂಬುದೂ ಅವರ ವಾದದಲ್ಲಿತ್ತು. ಜನ ಆಮೆಯನ್ನು ಮುಂದಿಟ್ಟುಕೊಂಡು ತಮ್ಮನ್ನು ಉಳಿಸಿಕೊಳ್ಳುತ್ತಿದ್ದಾರೆ ಎಂದು ದೂರಿದವರಿದ್ದಾರೆ. ಅದರಲ್ಲಿ ತಪ್ಪೇನಿದೆ? ಅವರಿಗೂ ಆಮೆಗೂ ಬೇಕಾದದ್ದು ಅದೇ ಹೊಯ್ಗೆಯ ಪಟ್ಟಿ. ಕಲ್ಲುಗೋಡೆ ಬಂದರೆ ಇಬ್ಬರಿಗೂ ಜಾಗವಿಲ್ಲ.

ಪ್ರೊಫೆ ಈಗಲೂ ಆಗಾಗ ವಾಟ್ಸಾಪಿನಲ್ಲಿ ದನಿ ಕಳಿಸುತ್ತಾರೆ. ಅಮ್ಮ ತೀರಿದ ಮೇಲೆ ಓಸ್ಟಿಯೊನಾಲ್‌ಗೇ ಹೋಗಿ ನೆಲೆಸಿದ್ದಾರೆ, ಸಂಘದ ಸದಸ್ಯೆ. ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸುವುದು ಬಿಟ್ಟಿದ್ದಾರೆ, ಅವರೆಲ್ಲ ಫೋನಿನಲ್ಲೇ ಕಲಿಯುತ್ತಾರಂತೆ. ಈಗ ಊರಿನ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ. ಅಲ್ಲಿ ಗೈಡ್ ಇಲ್ಲದೆ ಅರಿಬಾದಾ ನೋಡಲು ದಂಡೆಗಿಳಿಯುವಂತಿಲ್ಲ, ಆ ಗೈಡ್ ಕೆಲಸ ಊರಿನ ಮಕ್ಕಳಿಗೇ ಸಿಗಲಿ ಎಂದು ಈ ಪಾಠ. ನಮ್ಮ ಗೂಡಿನ ಚಿತ್ರ ಕಳಿಸಿದ್ದೆ. ಬೇಲಿ ಗಟ್ಟಿಯಾಗಿದೆ, ಚೆನ್ನಾಗಿದೆ ಎಂದರು. ಆಮೇಲೆ ಕೇಳಿದರು: ‘ರಾತ್ರಿ ಕಾಯುವವರು ಯಾರು? ಅವರಿಗೆ ಎಷ್ಟು ಕೊಡುತ್ತಾರೆ?’

ಉತ್ತರ ಹುಡುಕಲು ನಾನು ಕೇರಿಯ ಹೆಂಗಸರ ಬಳಿ ಹೋಗಬೇಕಾಯಿತು. ಒಣಮೀನಿನ ಚಪ್ಪರದಡಿ ಕೂತು ಮಾತಾಡಿದೆವು. ಈಗ ಅರ್ಜಿಯೊಂದನ್ನು ಬರೆಯುತ್ತಿದ್ದೇವೆ, ಪಂಚಾಯಿತಿಗೆ ಒಂದು ಪ್ರತಿ, ಅರಣ್ಯ ಇಲಾಖೆಗೆ ಒಂದು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಗೂಡು ಕಾಯುವ ಕೆಲಸ ಕೇರಿಯ ಹೆಂಗಸರ ಗುಂಪಿಗೆ ಕೊಡಬೇಕು, ತಿಂಗಳ ಸಂಬಳ ಗೊತ್ತುಮಾಡಬೇಕು, ಕೆಲಸಕ್ಕೆ ಬರಲಾಗದ ಬಸುರಿ ಬಾಣಂತಿಯರ, ಮುದುಕಿಯರ ಪಾಲನ್ನೂ ಹಿಡಿಯಬೇಕು ಎಂದು ಬರೆದಿದ್ದೇವೆ. ಕೊನೆಯದನ್ನು ಸೇರಿಸಲು ಹೇಳಿದ್ದು ನಾನು. ಸಂಬಳ ಎಷ್ಟೆಂಬ ಜಾಗ ಇನ್ನೂ ಖಾಲಿ ಇದೆ, ಅದರ ಚರ್ಚೆ ನಾಳೆ ಮೀನು ಒಣಹಾಕಿದ ಮೇಲೆ.